ಮಾನಸಗಂಗೋತ್ರಿ: ಒಂದು ವಿಶ್ವವಿದ್ಯಾನಿಲಯವು ಮನೆ ಮಾಡಿಕೊಂಡ ಬಗೆ

ಇಂದಿನ ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ದೊರೆತ ಕಂಬದ ಶಾಸನವನ್ನು ಚರಿತ್ರೆಯ ಅಧ್ಯಾಪಕರು ಬಲ್ಲರು. ಕ್ರಿ.ಶ. ೯೪೫ರಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಮುಮ್ಮಡಿ ಕೃಷ್ಣನ ಆಳ್ವಿಕೆಯಲ್ಲಿ, ಅವನ ಮಂತ್ರಿ ನಾರಾಯಣನು ಆ ಊರಿನಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನು. ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ ಇಪ್ಪತ್ತೇಳು ಮನೆಗಳು, ರಾತ್ರಿಯ ದೀಪಕ್ಕೆ ಭೂಮಿ, ಗುರುವಿನ ಜೀವನಕ್ಕೆ ಭೂಮಿ, ಇವೆಲ್ಲ ಆ ಶಾಲೆಗೆ ದೊರೆತವು. ಊರಿನಲ್ಲಿ ಮದುವೆ, ಉಪನಯನ, ಚೌಲಗಳು ನಡೆದಾಗ ಶಾಲೆಗೆ ಇಂತಿಷ್ಟು ಕಾಣಿಕೆ ಸಲ್ಲಬೇಕೆಂಬ ಕಟ್ಟಳೆಯೂ ಆಯಿತು. ಪಾವಿಟ್ಟಗೆ ಎಂಬ ಹಳೆಯ ಹೆಸರಿನ ಹಿಂದೆ ಶಾಲೆಯೆಂಬ ಮಾತು ಸೇರಿ ಆ ಊರು ಸಾಲೋಟಗಿಯಾಯಿತೆಂದು ವಿದ್ವಾಂಸರು ಹೇಳುವರು.

ಆದರೆ ಆ ಕಂಬದ ಕಥೆ ಅಷ್ಟಕ್ಕೇ ಮುಗಿಯುವುದಿಲ್ಲ. ನಾರಾಯಣನು ಕಟ್ಟಿಸಿದ ಶಾಲೆ ಕಾಲಾಂತರದಲ್ಲಿ ಬಿದ್ದುಹೋಯಿತು. ಆಗ ಸೇಲರ ವಂಶದ ಕಂಚಿಗನೆಂಬವನು ಅದನ್ನು ಮತ್ತೆ ಎತ್ತಿಸಿ ನಿಲ್ಲಿಸಿದನು. ಆ ಸಂಗತಿಯನ್ನೂ ಅದೇ ಕಂಬದ ಮೇಲೆ ಕನ್ನಡದಲ್ಲಿ ಬರೆಯಿಸಿದರು. ಕಟ್ಟಿದವನ ಹೆಸರೂ ಕಾದವನ ಹೆಸರೂ ಒಂದೇ ಕಲ್ಲಿನ ಮೇಲೆ ನಿಂತವು. ದಾನ ಕೊಡುವುದಕ್ಕಿಂತ, ಕೊಟ್ಟ ದಾನವನ್ನು ಕಾಪಾಡುವುದು ಹೆಚ್ಚಿನ ಪುಣ್ಯವೆಂದು ನಮ್ಮ ಶಾಸನಗಳು ಮತ್ತೆ ಮತ್ತೆ ಸಾರುವುದನ್ನು ಇಲ್ಲಿ ನೆನೆಯಬಹುದು. ಜೀರ್ಣೋದ್ಧಾರವೆಂಬ ಮಾತಿಗೆ ನಮ್ಮ ಹಿರಿಯರು ಕೊಟ್ಟಿದ್ದ ಗೌರವ ಅಷ್ಟು ದೊಡ್ಡದು.

ಈ ದೃಷ್ಟಿಯಿಂದ ನಮ್ಮ ಕಾಲದ ಒಂದು ವಿದ್ಯಾಕ್ಷೇತ್ರದ ಚರಿತ್ರೆಯನ್ನು ನೋಡುವುದು ಈ ಲೇಖನದ ಉದ್ದೇಶ. ಅದು ಮೈಸೂರು ವಿಶ್ವವಿದ್ಯಾನಿಲಯ. ಬೊಮ್ಮನಹಾಳಿನಲ್ಲಿ ಕುಳಿತು ನಾವು ಮೈಸೂರಿನ ಗೋಡೆ ತಾರಸಿಗಳ ಮಾತನ್ನು ಆಡುವುದೇತಕ್ಕೆಂದು ಕೆಲವರು ಕೇಳಬಹುದು. ೧೯೫೩ರ ಅಕ್ಟೋಬರ್ ೧ರಂದು ಬಳ್ಳಾರಿ ಜಿಲ್ಲೆ ಒಡೆದು, ಬಳ್ಳಾರಿ ಮೊದಲಾದ ತಾಲ್ಲೂಕುಗಳು ಮೈಸೂರು ಸಂಸ್ಥಾನಕ್ಕೂ, ನಮ್ಮ ರಾಯದುರ್ಗವು ಆದವಾನಿ ಆಲೂರುಗಳೊಡನೆ ಆಂಧ್ರಕ್ಕೂ ಸೇರಿದವು. ರಾಜ್ಯದ ಗಡಿ ಅಂದು ಬದಲಾಯಿತು. ಕನ್ನಡದ ವಿದ್ಯೆಯ ಗಡಿ ಬದಲಾಗಲಿಲ್ಲ. ನಮ್ಮ ಅಧ್ಯಾಪಕರು ತಿರುವಿ ನೋಡುವ ನಿಘಂಟು, ವಿಶ್ವಕೋಶ, ಸಾಹಿತ್ಯ ಚರಿತ್ರೆಗಳಲ್ಲಿ ಎಷ್ಟೋ ಆ ವಿದ್ಯಾನಿಲಯದ ಕೋಣೆಗಳಲ್ಲಿ ಸಿದ್ಧವಾದವು. ಆ ಕೋಣೆಗಳ ಕಥೆ ನಮಗೂ ಸೇರಿದ್ದು.

ಮೈಸೂರು ವಿಶ್ವವಿದ್ಯಾನಿಲಯವು ೧೯೧೬ರ ಜುಲೈ ೨೭ರಂದು ಆರಂಭವಾಯಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರು ಅರಸರು, ಎಂ. ವಿಶ್ವೇಶ್ವರಯ್ಯನವರು ದಿವಾನರು, ಎಚ್. ವಿ. ನಂಜುಂಡಯ್ಯನವರು ಮೊದಲ ಉಪಕುಲಪತಿಗಳು. ಬ್ರಿಟಿಷರ ನೇರ ಆಡಳಿತದ ಹೊರಗೆ ಭಾರತದಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾನಿಲಯವಿದು. ಅದಕ್ಕೆ ಮೊದಲು ಮೈಸೂರಿನ ವಿದ್ಯಾರ್ಥಿಗಳೂ ನಮ್ಮ ಸೀಮೆಯವರಂತೆಯೇ ಮದರಾಸು ವಿಶ್ವವಿದ್ಯಾನಿಲಯದ ಪರೀಕ್ಷೆಗೆ ಕೂರುತ್ತಿದ್ದರು. ಅದೇ ೧೯೧೬ರಲ್ಲಿ ನಮ್ಮ ಅನಂತಪುರದಲ್ಲಿಯೂ ದತ್ತ ಮಂಡಲಗಳಿಗೆಂದು ಸರಕಾರಿ ಕಾಲೇಜೊಂದು ತೆರೆಯಿತೆಂಬುದನ್ನು ವಿದ್ಯಾರ್ಥಿಗಳು ಗುರುತಿಟ್ಟುಕೊಳ್ಳಬೇಕು. ಅಲ್ಲಿ ಸ್ವಲ್ಪ ಕಾಲ ಪಾಠ ಹೇಳಿದ ಎಸ್. ರಾಧಾಕೃಷ್ಣನ್ ಅವರು ೧೯೧೮ರಲ್ಲಿ ಮೈಸೂರಿಗೆ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿ ಹೋದರು. ೧೯೨೧ರಲ್ಲಿ ಅವರು ಕಲ್ಕತ್ತೆಗೆ ಹೊರಟಾಗ ಶಿಷ್ಯರು ಕುದುರೆ ಬಿಚ್ಚಿ ತಾವೇ ಸಾರೋಟು ಎಳೆದು ಅವರನ್ನು ರೈಲು ನಿಲ್ದಾಣಕ್ಕೆ ಕರೆದೊಯ್ದ ಕಥೆ ಪ್ರಸಿದ್ಧವಾಗಿದೆ.

ಹೊಸ ವಿಶ್ವವಿದ್ಯಾನಿಲಯಕ್ಕೆ ಹುಟ್ಟಿದ ದಿನ ತನ್ನದೆಂಬ ಮನೆ ಇರಲಿಲ್ಲ. ಇದ್ದದ್ದು ಎರಡು ಹಳೆಯ ಕಾಲೇಜುಗಳು. ಒಂದು ಮೈಸೂರಿನ ಮಹಾರಾಜಾ ಕಾಲೇಜು. ಮುಮ್ಮಡಿ ಕೃಷ್ಣರಾಜ ಒಡೆಯರು ೧೮೩೩ರಲ್ಲಿ ಆರಂಭಿಸಿದ ಶಾಲೆಯೇ ಅದರ ಬೇರು. ಇನ್ನೊಂದು ೧೮೫೮ರಲ್ಲಿ ಹೈಸ್ಕೂಲಾಗಿ ಹುಟ್ಟಿ, ಮುಂದೆ ಸೆಂಟ್ರಲ್ ಕಾಲೇಜೆಂದು ಹೆಸರಾದ ಬೆಂಗಳೂರಿನ ಸಂಸ್ಥೆ. ಮೈಸೂರಿನಲ್ಲಿ ಕಲೆ, ಬೆಂಗಳೂರಿನಲ್ಲಿ ವಿಜ್ಞಾನವೆಂದು ವಿದ್ಯೆಯನ್ನು ಎರಡು ಊರುಗಳಿಗೆ ಹಂಚಿದರು. ೧೯೧೭ರಲ್ಲಿ ಬೆಂಗಳೂರಿಗೆ ಇಂಜಿನಿಯರಿಂಗ್ ಕಾಲೇಜು ಬಂತು. ೧೯೨೪ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ವೈದ್ಯಕೀಯ ಕಾಲೇಜು ೧೯೩೦ರಲ್ಲಿ ಗಂಟುಮೂಟೆ ಕಟ್ಟಿಕೊಂಡು ಮೈಸೂರಿಗೆ ಬಂತು. ಹೀಗೆ ಮೊದಲ ನಲವತ್ತು ವರ್ಷ ಈ ವಿಶ್ವವಿದ್ಯಾನಿಲಯಕ್ಕೆ ಒಂದೇ ಅಂಗಳವೆಂಬುದು ಇರಲಿಲ್ಲ.

ಆದರೂ ಆ ಎರವಿನ ಮನೆಗಳಲ್ಲಿ ನಡೆದ ಕೆಲಸ ಸಣ್ಣದಲ್ಲ. ವಿಕ್ಟೋರಿಯಾ ರಾಣಿಯ ಜ್ಯೂಬಿಲಿಯ ನೆನಪಿಗೆ ೧೮೮೭ರಲ್ಲಿ ಮೈಸೂರಿನಲ್ಲಿ ಎದ್ದ ಕಟ್ಟಡದಲ್ಲಿ ೧೮೯೧ರಿಂದ ಓರಿಯಂಟಲ್ ಲೈಬ್ರರಿ ನೆಲಸಿತು. ಅಲ್ಲಿ ಆರ್. ಶಾಮಾಶಾಸ್ತ್ರಿಗಳು ತಾಳೆಯೋಲೆಯ ಕಟ್ಟುಗಳ ನಡುವೆ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ, ೧೯೦೯ರಲ್ಲಿ ಅಚ್ಚಿಗೆ ತಂದರು. ಆ ಭಂಡಾರ ೧೯೧೬ರಲ್ಲಿ ವಿಶ್ವವಿದ್ಯಾನಿಲಯದ ಪಾಲಿಗೆ ಬಂತು. ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘವು ಎ. ಆರ್. ಕೃಷ್ಣಶಾಸ್ತ್ರಿಗಳ ಮುಂದಾಳುತನದಲ್ಲಿ ‘ಪ್ರಬುದ್ಧ ಕರ್ನಾಟಕ’ವನ್ನು ಹೊರಡಿಸಿತು. ಸಿ. ವಿ. ರಾಮನ್ ಅವರು ತಮ್ಮ ಹೊಸ ಕಿರಣದ ವಿಷಯವನ್ನು ವಿದ್ವಾಂಸರ ಮುಂದೆ ವಿವರಿಸಿದ್ದು ಆ ಕಾಲೇಜಿನಲ್ಲಿ, ೧೯೨೮ರ ಮಾರ್ಚ್ ೧೬ರಂದು. ಮಹಾರಾಜಾ ಕಾಲೇಜಿನಲ್ಲಿ ೧೯೨೭ರಲ್ಲಿ ಕನ್ನಡ ಎಂ.ಎ. ತರಗತಿ ತೊಡಗಿತು, ಬಿ. ಎಂ. ಶ್ರೀಕಂಠಯ್ಯ, ಟಿ. ಎಸ್. ವೆಂಕಣ್ಣಯ್ಯ ಮೊದಲಾದವರು ಅಲ್ಲಿ ಕನ್ನಡದ ಅಧ್ಯಯನಕ್ಕೆ ಪಂಕ್ತಿಯಲ್ಲಿ ಸ್ಥಾನ ದೊರಕಿಸಿದರು. ಅಲ್ಲಿಯವರೆಗೆ ಕನ್ನಡದಲ್ಲಿ ಅತ್ಯುನ್ನತ ಪದವಿಯೆಂಬುದೇ ಇರಲಿಲ್ಲವೆಂದರೆ, ಆ ಒಂದು ತರಗತಿಯ ಕೋಣೆಯ ಬೆಲೆ ನಮಗೆ ತಿಳಿದೀತು.

ಬೇರೆ ಕೆಲಸಕ್ಕೆ ಕಟ್ಟಿದ ಮನೆಯನ್ನು ವಿದ್ಯೆಗೆ ಒಗ್ಗಿಸಿಕೊಳ್ಳುವುದು ಮೈಸೂರಿನ ವಿಶೇಷವೇನೂ ಅಲ್ಲ. ಉತ್ತರ ಕರ್ನಾಟಕದಲ್ಲಿಯೂ ಹೀಗೆಯೇ ಆಯಿತು. ಧಾರವಾಡದಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿಯ ದೊಡ್ಡ ಕಚೇರಿಯಿದ್ದಿತು. ೧೯೦೮ರಲ್ಲಿ ಆ ಕಂಪನಿ ಮದರಾಸು ರೈಲ್ವೆಯೊಡನೆ ಕೂಡಿ, ಮುಖ್ಯ ಕಚೇರಿ ಮದರಾಸಿಗೆ ಹೊರಟುಹೋಯಿತು. ರೊದ್ದ ಶ್ರೀನಿವಾಸರಾಯರು, ಅರಟಾಳ ರುದ್ರಗೌಡರು ಮೊದಲಾದ ಹಿರಿಯರು ದುಡಿದು ೧೯೧೭ರಲ್ಲಿ ಕರ್ನಾಟಕ ಕಾಲೇಜನ್ನು ತರಿಸಿದರು. ರೈಲ್ವೆಯವರು ಬಿಟ್ಟುಹೋದ ಆ ಭವ್ಯ ಕಚೇರಿಯೇ ಅದರ ಮನೆಯಾಯಿತು. ಗುಮಾಸ್ತರು ಲೆಕ್ಕ ಬರೆದ ಹಜಾರಗಳಲ್ಲಿ ಹುಡುಗರು ಕಾವ್ಯವನ್ನೂ ರಸಾಯನಶಾಸ್ತ್ರವನ್ನೂ ಓದಿದರು. ಮುಂದೆ ೧೯೪೯ರಲ್ಲಿ ಸ್ಥಾಪಿತವಾದ ಕರ್ನಾಟಕ ವಿಶ್ವವಿದ್ಯಾನಿಲಯಕ್ಕೆ ಧಾರವಾಡದ ಹೊರಗಿನ ಗುಡ್ಡದ ಮೇಲೆ, ಡಿ. ಸಿ. ಪಾವಟೆಯವರು ಉಪಕುಲಪತಿಗಳಾಗಿದ್ದ ಕಾಲದಲ್ಲಿ, ಹೊಸ ಭವನಗಳು ಎದ್ದವು. ಹಳೆಯ ರೈಲ್ವೆ ಕಟ್ಟಡ ಅದರಿಂದ ಅನಾಥವಾಗಲಿಲ್ಲ. ಕಾಲೇಜು ಅಲ್ಲಿಯೇ ಉಳಿಯಿತು.

ಮೈಸೂರಿನಲ್ಲಿ ವಿಶ್ವವಿದ್ಯಾನಿಲಯದ ಆಡಳಿತಕ್ಕೆ ತಕ್ಕ ಭವನ ದೊರೆತದ್ದು ಸ್ವಾತಂತ್ರ್ಯ ಬಂದ ೧೯೪೭ರಲ್ಲಿ. ಅದು ಕ್ರಾಫರ್ಡ್ ಹಾಲ್. ಕಚೇರಿಗೆ ಮನೆಯಾಯಿತು, ಸರಿ, ಪಾಠಕ್ಕೆ? ಸ್ವಾತಂತ್ರ್ಯದ ಅನಂತರ ಕಾಲೇಜುಗಳು ಬೆಳೆದವು, ವಿದ್ಯಾರ್ಥಿಗಳು ಹೆಚ್ಚಿದರು, ಹೊಸ ಶಾಸ್ತ್ರಗಳು ಬಂದವು. ಸ್ನಾತಕೋತ್ತರ ತರಗತಿಗಳು ಹಳೆಯ ಕಾಲೇಜುಗಳ ಮೂಲೆಗಳಲ್ಲಿ ನಡೆಯಬೇಕಾಗಿತ್ತು. ಇತಿಹಾಸದವರು ಒಂದೆಡೆ, ಭೌತಶಾಸ್ತ್ರದವರು ಇನ್ನೊಂದು ಊರಿನಲ್ಲಿ. ಒಬ್ಬರ ಗ್ರಂಥ ಮತ್ತೊಬ್ಬರಿಗೆ ಎಟುಕುತ್ತಿರಲಿಲ್ಲ. ಇಂಥ ವೇಳೆಯಲ್ಲಿ, ೧೯೫೬ರಲ್ಲಿ, ಕೆ. ವಿ. ಪುಟ್ಟಪ್ಪನವರು ಉಪಕುಲಪತಿಗಳಾದರು. ಕವಿ ಕುವೆಂಪು ಆಡಳಿತಗಾರರಾದರೆ ಏನಾದೀತೋ ಎಂದು ಶಂಕಿಸಿದವರೂ ಇದ್ದಿರಬಹುದು. ಆ ಕವಿಯೇ ವಿದ್ಯಾನಿಲಯಕ್ಕೆ ತನ್ನದೆಂಬ ನೆಲವನ್ನು ಗಳಿಸಿಕೊಟ್ಟರು.

ನಗರದ ಪಶ್ಚಿಮಕ್ಕೆ, ಹುಣಸೂರು ರಸ್ತೆಯ ಮಗ್ಗುಲಲ್ಲಿ, ಕುಕ್ಕರಹಳ್ಳಿ ಕೆರೆಯಿದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕೆರೆ; ಊರ ಹೊರಗಿನ ಹೊಲಗಳಿಗೆ ನೀರುಣಿಸುತ್ತಿದ್ದುದು. ಅದರ ಆಚೆಯ ವಿಸ್ತಾರವಾದ ದಿಬ್ಬದ ನೆಲದಲ್ಲಿ ಸ್ನಾತಕೋತ್ತರ ಶಾಖೆಗಳೆಲ್ಲ ಒಂದೆಡೆ ನೆಲಸಬೇಕೆಂಬ ಯೋಜನೆ ಸಿದ್ಧವಾಯಿತು. ಏಳುನೂರು ಎಕರೆಗೂ ಮೀರಿದ ಆ ಕ್ಷೇತ್ರ ೧೯೬೦ರಲ್ಲಿ ಆರಂಭವಾದಾಗ ಕುವೆಂಪು ಅವರು ಇಟ್ಟ ಹೆಸರು ಮಾನಸಗಂಗೋತ್ರಿ. ಗಂಗೆ ಹುಟ್ಟುವ ಎಡೆ ಗಂಗೋತ್ರಿ. ಮನಸ್ಸಿನ ಗಂಗೆ ಹುಟ್ಟುವ ಎಡೆ ಮಾನಸಗಂಗೋತ್ರಿ. ಯೋಜನೆಯ ಕಡತದಲ್ಲಿ ‘ಸ್ನಾತಕೋತ್ತರ ಕೇಂದ್ರ’ ಎಂದು ಸತ್ತುಬಿದ್ದಿರಬಹುದಾಗಿದ್ದ ಮಾತಿಗೆ ಕವಿಯು ಜೀವ ತುಂಬಿದರು. ಆ ಹೆಸರು ಎಷ್ಟು ನಾಟಿತೆಂದರೆ, ಮಂಗಳೂರಿನ ಕೇಂದ್ರ ಮಂಗಳಗಂಗೋತ್ರಿಯಾಯಿತು. ಕನ್ನಡನಾಡಿನ ವಿದ್ಯಾಕ್ಷೇತ್ರಗಳಿಗೆ ಗಂಗೋತ್ರಿ ಎಂಬುದೇ ಒಂದು ಸಂಪ್ರದಾಯವಾಯಿತು.

ಈ ನೆಲದಲ್ಲಿ ಎಲ್ಲವನ್ನೂ ಹೊಸದಾಗಿ ಕಟ್ಟಲಿಲ್ಲ. ಕೆರೆಯ ಪಕ್ಕದ ಏರಿನ ಮೇಲೆ ಆಗಲೇ ಒಂದು ಅರಮನೆ ನಿಂತಿತ್ತು. ಅದು ೧೯೦೫ರ ಜಯಲಕ್ಷ್ಮೀವಿಲಾಸ. ಚಾಮರಾಜ ಒಡೆಯರ ಹಿರಿಯ ಪುತ್ರಿ, ನಾಲ್ವಡಿ ಕೃಷ್ಣರಾಜ ಒಡೆಯರ ಅಕ್ಕ, ಜಯಲಕ್ಷ್ಮಮ್ಮಣ್ಣಿಯವರಿಗಾಗಿ ಕಟ್ಟಿದ ಮನೆ. ಅವರ ಪತಿ ಸರದಾರ್ ಎಂ. ಕಾಂತರಾಜ ಅರಸರು ಮುಂದೆ ಮೈಸೂರಿನ ದಿವಾನರಾದವರು. ಜೋಡಿ ಕಂಬಗಳ ಮುಖಮಂಟಪ, ಕೆತ್ತನೆಯ ಬಾಗಿಲುಗಳು, ಬಣ್ಣದ ಗಾಜು, ಮದುವೆಯ ಮಂಟಪ, ನೃತ್ಯದ ಹಜಾರ, ನೂರಕ್ಕೂ ಮೀರಿದ ಕೋಣೆಗಳು: ಒಬ್ಬ ರಾಜಕುಮಾರಿಯ ಸಂಸಾರಕ್ಕಾಗಿ ಇಷ್ಟೆಲ್ಲ. ೧೯೫೯ರಲ್ಲಿ ವಿಶ್ವವಿದ್ಯಾನಿಲಯವು ಆ ಅರಮನೆಯನ್ನು ಸ್ನಾತಕೋತ್ತರ ಶಿಕ್ಷಣಕ್ಕೆಂದು ಕೊಂಡುಕೊಂಡಿತು. ಹಳ್ಳಿಯ ಶಾನುಭೋಗರ ಮಗ, ಒಕ್ಕಲಿಗನ ಮಗಳು, ಪರವೂರಿನಿಂದ ಬಂದ ಬಡ ಹುಡುಗ, ಇವರೆಲ್ಲ ಆ ಮೆಟ್ಟಿಲುಗಳನ್ನು ಏರಿದರು. ಅರಸೊತ್ತಿಗೆ ಮುಗಿದು ಪ್ರಜಾಪ್ರಭುತ್ವ ಬಂತೆಂಬುದನ್ನು ಪಾಠದಲ್ಲಿ ಓದುವುದು ಒಂದು. ಅರಮನೆಯ ಬಾಗಿಲಲ್ಲಿ ಪುಸ್ತಕ ಹಿಡಿದು ಒಳಗೆ ಹೋಗುವುದು ಇನ್ನೊಂದು.

ಇದಕ್ಕಿಂತ ಸೊಗಸಾದ ಬದಲಾವಣೆ ಮುಂದೆ ನಡೆಯಿತು. ೧೯೬೬ರಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಹುಟ್ಟಿತು. ಜನಪದದ ವಸ್ತುಗಳು ಕಣ್ಣೆದುರಿಗೇ ಮರೆಯಾಗುತ್ತಿವೆಯೆಂದು ಕಂಡ ವಿದ್ವಾಂಸರು ಊರೂರು ಸುತ್ತಿ ಅವನ್ನು ಕೂಡಿಹಾಕತೊಡಗಿದರು. ಕಲಾವಿದ ಪಿ. ಆರ್. ತಿಪ್ಪೇಸ್ವಾಮಿಯವರು, ಜೀ. ಶಂ. ಪರಮಶಿವಯ್ಯನವರು ಈ ಕೆಲಸದಲ್ಲಿ ಮುಖ್ಯರು. ತೊಗಲುಗೊಂಬೆ, ಸೂತ್ರದ ಗೊಂಬೆ, ಯಕ್ಷಗಾನದ ಕಿರೀಟ, ಬೇಸಾಯದ ಸಾಮಾನು, ಅಡುಗೆಮನೆಯ ಪಾತ್ರೆ, ಗ್ರಾಮದೇವತೆಯ ಮೂರ್ತಿ ಹೀಗೆ ಸಾವಿರಾರು ವಸ್ತುಗಳು ಬಂದು ಸೇರಿದುದು ಜಯಲಕ್ಷ್ಮೀವಿಲಾಸದ ಕೋಣೆಗಳಿಗೆ. ರೈತನ ಕೂರಿಗೆ ರಾಜಕುಮಾರಿಯ ಮನೆಯಲ್ಲಿ ಗೌರವದ ಜಾಗ ಪಡೆಯಿತು. ಕಟ್ಟಡವೊಂದು ಹೊಸ ಕೆಲಸಕ್ಕೆ ಸಲ್ಲುವುದೆಂದರೆ ಏನೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾವು ಕಾಣೆವು.

ಮನೆ ದೊರೆತ ಮೇಲೆ ಮನೆಯವರು ಸುಮ್ಮನೆ ಕೂರಲಿಲ್ಲ. ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ೧೯೪೬ರಲ್ಲಿಯೇ ಬಂದಿತ್ತು. ಹಳ್ಳಿಗಳಲ್ಲಿ ಪ್ರಚಾರೋಪನ್ಯಾಸಗಳನ್ನು ಏರ್ಪಡಿಸಿ, ಅವನ್ನು ಕಿರುಹೊತ್ತಗೆಗಳಾಗಿ ಅಗ್ಗದ ಬೆಲೆಗೆ ಕೊಡುವ ಪದ್ಧತಿಯೂ ೧೯೩೦ರ ದಶಕದಿಂದ ನಡೆದುಬಂದಿತ್ತು. ಕುವೆಂಪು ಅವರು ಕಾಲೇಜಿನ ಮಟ್ಟದಲ್ಲಿಯೂ ಕನ್ನಡವೇ ಮಾಧ್ಯಮವಾಗಬೇಕೆಂದು ಹಟ ಹಿಡಿದು, ಅದಕ್ಕೆ ಬೇಕಾದ ಪಠ್ಯಗಳನ್ನು ಬರೆಯಿಸಲು ತೊಡಗಿದರು. ಕನ್ನಡ ವಿಶ್ವಕೋಶದ ಮೊದಲ ಸಂಪುಟ ೧೯೬೯ರಲ್ಲಿ ಹೊರಬಂದು, ಹದಿನಾಲ್ಕು ಸಂಪುಟಗಳ ಕಾರ್ಯ ೨೦೦೪ರಲ್ಲಿ ಮುಗಿಯಿತು. ಭಾರತೀಯ ಭಾಷಾ ಸಂಸ್ಥಾನವು ೧೯೬೯ರಲ್ಲಿ ಸ್ಥಾಪಿತವಾಗಿ ಮಾನಸಗಂಗೋತ್ರಿಯಲ್ಲಿಯೇ ನೆಲೆ ಪಡೆಯಿತು.

ಅದೇ ೧೯೬೯ರಲ್ಲಿ ಇನ್ನೊಂದು ಮಹತ್ತ್ವದ ಕೆಲಸ ನಡೆಯಿತು. ಅಂಚೆ ಶಿಕ್ಷಣ ಸಂಸ್ಥೆ ತೆರೆಯಿತು. ಕೆಲಸ ಬಿಟ್ಟು ಮೈಸೂರಿಗೆ ಹೋಗಿ ನಿಲ್ಲಲಾರದ ಉಪಾಧ್ಯಾಯರು ತಮ್ಮ ಊರಿನ ಅಂಚೆಪೆಟ್ಟಿಗೆಯ ಮೂಲಕ ಪದವಿಗೆ ಓದಿಕೊಳ್ಳುವ ದಾರಿ ಇದು. ೧೯೯೬ರಲ್ಲಿ ಅದೇ ಬೆಳೆದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಏಳುನೂರು ಎಕರೆಯ ನೆಲವನ್ನು ಯೋಜಿಸಿದವರು, ಆ ನೆಲವನ್ನು ಎಂದೂ ತುಳಿಯದವರಿಗಾಗಿಯೂ ಒಂದು ಬಾಗಿಲು ಇಟ್ಟರೆಂಬುದು ಗಮನಿಸತಕ್ಕ ಮಾತು. ವಿದ್ಯಾಕ್ಷೇತ್ರದ ನಕ್ಷೆ ಬರೆಯುವಾಗ ಇಂಥ ಬಾಗಿಲನ್ನು ಸುಣ್ಣ ಗಾರೆಯಿಂದ ಕಟ್ಟಲಾಗುವುದಿಲ್ಲ. ಆದರೆ ಕಟ್ಟದಿದ್ದರೆ ನಕ್ಷೆ ಪೂರ್ಣವಾಗುವುದಿಲ್ಲ.

ಈ ಏಳಿಗೆಗೆ ತೆತ್ತ ಬೆಲೆಯೂ ಉಂಟು. ಸ್ನಾತಕೋತ್ತರ ಶಾಖೆಗಳು ಗಂಗೋತ್ರಿಗೆ ಹೋದಂತೆ, ಹಳೆಯ ಕಾಲೇಜುಗಳಲ್ಲಿ ಹಿರಿಯ ವಿದ್ವಾಂಸರೂ ಎಳೆಯ ವಿದ್ಯಾರ್ಥಿಗಳೂ ಒಂದೇ ಸೂರಿನಡಿ ಇರುತ್ತಿದ್ದ ಸಂಪ್ರದಾಯ ಸಡಿಲವಾಯಿತು. ವಿಶ್ವವಿದ್ಯಾನಿಲಯವೇ ಒಡೆದು ಹಲವಾಯಿತು. ೧೯೬೪ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯ ಹುಟ್ಟಿತು; ವಿ. ಕೃ. ಗೋಕಾಕರು ಅದರ ಉಪಕುಲಪತಿಗಳಾಗಿದ್ದರು. ಸೆಂಟ್ರಲ್ ಕಾಲೇಜು ಅದರ ಪಾಲಾಯಿತು. ೧೯೮೦ರಲ್ಲಿ ಮಂಗಳೂರು, ೧೯೮೭ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯ ಬೇರೆಯಾದವು. ಬೆಂಗಳೂರಿನವರು ೧೯೭೦ರ ದಶಕದಲ್ಲಿ ನಗರದ ಹೊರಗೆ ಜ್ಞಾನಭಾರತಿಯೆಂಬ ವಿಶಾಲ ಕ್ಷೇತ್ರಕ್ಕೆ ನಡೆದರು. ಸೆಂಟ್ರಲ್ ಕಾಲೇಜಿನ ಅಂಗಳದ ಹಿಂದಿನ ಕಳೆ ಕುಂದಿತು. ಆದರೆ ೨೦೧೭ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯವನ್ನು ಮೂರಾಗಿ ಮಾಡಿದಾಗ, ಆ ಹಳೆಯ ಅಂಗಳವೇ ಒಂದು ಹೊಸ ವಿಶ್ವವಿದ್ಯಾನಿಲಯದ ಕೇಂದ್ರವಾಯಿತು. ಹಳತೆಂದು ಕೈಬಿಡುವ ಮುನ್ನ ಯೋಚಿಸಬೇಕೆಂಬುದಕ್ಕೆ ಇದೊಂದು ಪಾಠ. ಕಟ್ಟಡ ಉಳಿದಿದ್ದರೆ ತಾನೆ ಅದಕ್ಕೆ ಎರಡನೆಯ ಬಾಳು?

ಉಳಿಯುವುದು ತಾನಾಗಿ ಆಗುವ ಕೆಲಸವಲ್ಲ. ಜಯಲಕ್ಷ್ಮೀವಿಲಾಸದ ಗತಿಯನ್ನೇ ನೋಡಿರಿ. ಮಳೆನೀರು ಸೋರಿ, ಮರದ ತೊಲೆಗಳು ಕೊಳೆತು, ಕೆಲವು ಭಾಗಗಳನ್ನು ಮುಚ್ಚಬೇಕಾಗಿ ಬಂತು. ಹೊಸ ಶತಮಾನದ ಆರಂಭದಲ್ಲಿ ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ದುರಸ್ತಿ ನಡೆದು, ೨೦೦೬ರಲ್ಲಿ ಅದು ಮತ್ತೆ ಜನರಿಗೆ ತೆರೆಯಿತು. ಎಲ್ಲ ಕಟ್ಟಡಗಳಿಗೂ ಈ ಭಾಗ್ಯ ಬರಲಿಲ್ಲ. ಮೈಸೂರಿನ ಪೇಟೆಯಲ್ಲಿ, ಪುಸ್ತಕದಂಗಡಿಗಳಿಗೆ ಹೆಸರಾಗಿದ್ದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ೨೦೧೨ರ ಆಗಸ್ಟಿನಲ್ಲಿ ಕುಸಿದು ನಾಲ್ವರು ಸತ್ತರು. ೨೦೨೨ರ ಅಕ್ಟೋಬರ್ ೨೧ರಂದು ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆಯ ಕಟ್ಟಡದಲ್ಲಿ ರಸಾಯನಶಾಸ್ತ್ರದ ಪ್ರಯೋಗಶಾಲೆಯಿದ್ದ ಭಾಗ ಕುಸಿಯಿತು. ೧೮೮೧ರಲ್ಲಿ ಹೆಣ್ಣುಮಕ್ಕಳ ಶಾಲೆಯಾಗಿ ಹುಟ್ಟಿದ ಸಂಸ್ಥೆಯ ಪರಂಪರೆಗೆ ಸೇರಿದ ಕಾಲೇಜದು. ಅಪಾಯವನ್ನು ಮೊದಲೇ ಅರಿತು ವಿದ್ಯಾರ್ಥಿನಿಯರನ್ನು ಹೊರಗೆ ಕಳಿಸಿದ್ದರಿಂದ ಪ್ರಾಣಹಾನಿ ತಪ್ಪಿತು. ಅದು ಹೆಣ್ಣುಮಕ್ಕಳು ತುಂಬಿದ ತರಗತಿಯ ವೇಳೆಯಲ್ಲಿ ಬಿದ್ದಿದ್ದರೆ?

ಇಂಥ ಕಟ್ಟಡಗಳು ಏಕೆ ಬೀಳುತ್ತವೆಂಬುದನ್ನು ನಮ್ಮ ವಿಜ್ಞಾನದ ವಿದ್ಯಾರ್ಥಿಗಳು ತಿಳಿಯಬೇಕು. ಆ ಕಾಲದ ಗೋಡೆಗಳು ಇಟ್ಟಿಗೆ ಮತ್ತು ಸುಣ್ಣದ ಗಾರೆಯವು. ಚಾವಣಿಯು ಮದರಾಸು ತಾರಸಿ, ಅಂದರೆ ಮರದ ತೊಲೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಗಾರೆ ಹಾಕಿ ಮಾಡಿದ್ದು. ಸುಣ್ಣದ ಗಾರೆ ತೇವವನ್ನು ಹೀರಿಕೊಂಡರೂ ಮತ್ತೆ ಗಾಳಿಗೆ ಬಿಟ್ಟುಕೊಡುತ್ತದೆ. ಅದರ ಮೇಲೆ ಸಿಮೆಂಟು ಬಳಿದರೆ ತೇವವು ಹೊರಬರಲಾರದೆ ಗೋಡೆಯೊಳಗೇ ನಿಲ್ಲುತ್ತದೆ, ಇಟ್ಟಿಗೆ ಪುಡಿಯಾಗುತ್ತದೆ. ತಾರಸಿಯ ನೀರಿನ ದೋಣಿ ಕಟ್ಟಿಕೊಂಡರೆ ನೀರು ನಿಂತು, ಗೋಡೆಯೊಳಗೆ ಸೇರಿದ ತೊಲೆಯ ತುದಿ ಮೊದಲು ಕೊಳೆಯುತ್ತದೆ. ಹೊರಗೆ ನೋಡುವವರಿಗೆ ಅದು ಕಾಣದು. ಕಾಗೆ ಬಿಟ್ಟ ಅರಳಿಯ ಬೀಜ ಬಿರುಕಿನಲ್ಲಿ ಮೊಳೆತು, ಬೇರು ಇಳಿಸಿ, ಗೋಡೆಯನ್ನು ಸೀಳುತ್ತದೆ. ಇವುಗಳಲ್ಲಿ ಯಾವುದೂ ಒಂದು ದಿನದ ಕೆಲಸವಲ್ಲ. ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮುಂಚೆ ತಾರಸಿ ಹತ್ತಿ ಕಸ ಗುಡಿಸಿ ಗಿಡ ಕಿತ್ತಿದ್ದರೆ, ಎಷ್ಟೋ ಭವನಗಳು ನೂರು ವರ್ಷ ಮೇಲೂ ಗಟ್ಟಿಯಾಗಿ ನಿಲ್ಲುತ್ತಿದ್ದವು. ಹೊಸ ಕಟ್ಟಡಕ್ಕೆ ಅಡಿಗಲ್ಲು ಹಾಕುವಾಗ ಹಾರತುರಾಯಿಗಳಿರುತ್ತವೆ. ತಾರಸಿ ಗುಡಿಸುವವನಿಗೆ ಹಾರ ಹಾಕಿದವರನ್ನು ನಾವು ಕೇಳಿಲ್ಲ. ನಮ್ಮ ವಿದ್ಯಾಸಂಸ್ಥೆಗಳ ಅರ್ಧ ದುರ್ದೆಸೆಗೆ ಕಾರಣ ಇಷ್ಟೇ.

ಇನ್ನು ನಮ್ಮ ಸುತ್ತಮುತ್ತ ನೋಡೋಣ. ಕೆಲವು ದಶಕಗಳಲ್ಲಿ ನಮ್ಮ ಸೀಮೆಯ ಎರಡು ಕಡೆಗೂ ವಿಶ್ವವಿದ್ಯಾನಿಲಯಗಳು ಬಂದಿವೆ. ಅನಂತಪುರದಲ್ಲಿ ೧೯೬೮ರಲ್ಲಿ ತಿರುಪತಿಯ ಶ್ರೀ ವೆಂಕಟೇಶ್ವರ ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿ ತೊಡಗಿದ್ದು ೧೯೮೧ರಲ್ಲಿ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾನಿಲಯವಾಯಿತು. ಹಂಪಿಯ ಬಳಿ ೧೯೯೧ರಲ್ಲಿ ಚಂದ್ರಶೇಖರ ಕಂಬಾರರು ಮೊದಲ ಕುಲಪತಿಗಳಾಗಿ ಕನ್ನಡ ವಿಶ್ವವಿದ್ಯಾಲಯ ಹುಟ್ಟಿತು. ವಿಜಯನಗರದ ಕಲ್ಲುಕಟ್ಟಡಗಳನ್ನು ನೆನಪಿಸುವಂತೆ ಅಲ್ಲಿ ಭವನಗಳನ್ನು ಎತ್ತಿ, ಅಕ್ಷರ, ಕ್ರಿಯಾಶಕ್ತಿ, ಭುವನವಿಜಯ ಎಂಬ ಹೆಸರುಗಳನ್ನು ಇಟ್ಟರು. ಬಳ್ಳಾರಿಗೆ ೨೦೧೦ರಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಬಂತು. ಒಬ್ಬನೇ ಅರಸನ ಹೆಸರಿನ ಎರಡು ವಿದ್ಯಾನಿಲಯಗಳ ನಡುವೆ ನಾವಿದ್ದೇವೆ. ಒಂದರ ಆಡಳಿತಭಾಷೆ ತೆಲುಗು, ಇನ್ನೊಂದರದು ಕನ್ನಡ. ಎರಡು ಭಾಷೆಗಳಿಗೂ ಆಸರೆಯಾಗಿದ್ದ ಆ ಅರಸನ ಹೆಸರಿಗೆ ಇದು ತಕ್ಕುದೇ.

ವಿಶ್ವವಿದ್ಯಾನಿಲಯಗಳ ಈ ಚರಿತ್ರೆಯಿಂದ ಊರಶಾಲೆಯ ನಾವು ಕಲಿಯತಕ್ಕದ್ದೇನು? ಯಾವುದೇ ಹೊಸ ಯೋಜನೆ ಬಂದಾಗ ಮೂರು ಪ್ರಶ್ನೆಗಳನ್ನು ಕೇಳುವುದನ್ನು ಕಲಿಯಬೇಕು. ಈ ಕಟ್ಟಡದೊಳಗೆ ಇನ್ನು ಮೇಲೆ ಯಾರು ಬರುವರು? ಒಳಗೆ ಯಾವ ಕೆಲಸ ನಡೆಯುವುದು? ಇದನ್ನು ವರ್ಷ ವರ್ಷವೂ ಕಾಯುವವರು ಯಾರು? ಜಯಲಕ್ಷ್ಮೀವಿಲಾಸವನ್ನು ಕೊಂಡವರು ಮೊದಲಿನ ಎರಡು ಪ್ರಶ್ನೆಗಳಿಗೆ ಬಹು ಚೆನ್ನಾಗಿ ಉತ್ತರ ಕೊಟ್ಟರು. ಮೂರನೆಯದಕ್ಕೆ ಉತ್ತರ ತಡವಾಯಿತು. ಅದರ ಫಲವನ್ನು ಅರಮನೆ ಉಂಡಿತು.

ನಮ್ಮಲ್ಲಿ ಎರಡನೆಯ ಪ್ರಶ್ನೆಯೇ ಎಲ್ಲಕ್ಕಿಂತ ತೀಕ್ಷ್ಣವಾದುದು. ಆಂಧ್ರ ಸರಕಾ ರವು ೨೦೧೯ರ ಕೊನೆಯಲ್ಲಿ ‘ನಾಡು-ನೇಡು’ ಎಂಬ ಹೆಸರಿನಿಂದ ಸರಕಾರಿ ಶಾಲೆಗಳ ದುರಸ್ತಿಯನ್ನು ಕೈಗೊಂಡಿತು. ಅಂದು ಹೇಗಿತ್ತು, ಇಂದು ಹೇಗಿದೆ ಎಂದು ತೋರಿಸುವುದು ಆ ಹೆಸರಿನ ಅರ್ಥ. ಕುಡಿಯುವ ನೀರು, ಶೌಚಾಲಯ, ನೆಲ, ಬಣ್ಣ, ಬೆಂಚುಗಳಿಗೆ ಹಣ ಸಂದಿತು, ಇದು ಮೆಚ್ಚತಕ್ಕದ್ದೇ. ಅದೇ ವೇಳೆಗೆ ಸರಕಾರಿ ಶಾಲೆಗಳಲ್ಲೆಲ್ಲ ಇಂಗ್ಲಿಷ್ ಮಾಧ್ಯಮವನ್ನು ತರುವ ಆದೇಶವೂ ಹೊರಟಿತು. ೨೦೨೦ರ ಏಪ್ರಿಲಿನಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವು ಅದನ್ನು ರದ್ದುಗೊಳಿಸಿತು. ಗೋಡೆ ಹೊಸದಾಗಿ, ಗೋಡೆಯೊಳಗಿನ ಮಾತು ಹೊರಟುಹೋದರೆ ಅದನ್ನು ಜೀರ್ಣೋದ್ಧಾರವೆನ್ನಬಹುದೆ? ಶಾಲೆಯ ಸೂರು ಸೋರಿದರೆ ಮತ್ತೆ ಹೊದಿಸಬಹುದು. ಒಂದು ಊರಿನಲ್ಲಿ ಕನ್ನಡದ ತರಗತಿ ಒಮ್ಮೆ ನಿಂತರೆ, ಅದನ್ನು ಮತ್ತೆ ತೆರೆಯುವುದು ಸುಲಭವಲ್ಲ. ಆ ತರಗತಿಯಿಂದ ಹೊರಟ ಮಗುವಿಗೆ ಮಾತ್ರ ಹಂಪಿಯ ಬಾಗಿಲೂ ಮಾನಸಗಂಗೋತ್ರಿಯ ಬಾಗಿಲೂ ಕನ್ನಡದಲ್ಲಿ ತೆರೆಯುವುದು.

ಆದುದರಿಂದ ನಮ್ಮ ಉಪಾಧ್ಯಾಯ ಬಂಧುಗಳಲ್ಲಿ ಒಂದು ವಿನಂತಿ. ನಿಮ್ಮ ಶಾಲೆಯ ಚರಿತ್ರೆಯನ್ನು ವಿದ್ಯಾರ್ಥಿಗಳಿಂದಲೇ ಬರೆಯಿಸಿರಿ. ಬಾಗಿಲ ಮೇಲಿನ ಕಲ್ಲಿನಲ್ಲಿ ಏನು ಬರೆದಿದೆ? ಜಾಗ ಕೊಟ್ಟವರು ಯಾರು? ಹಳೆಯ ದಾಖಲಾತಿ ಪುಸ್ತಕದ ಮೊದಲ ಹೆಸರು ಯಾರದು? ಕನ್ನಡದ ತರಗತಿ ಯಾವ ವರ್ಷ ತೊಡಗಿತು? ಎಷ್ಟು ಸಲ ದುರಸ್ತಿಯಾಯಿತು, ಹಣ ಎಲ್ಲಿಂದ ಬಂತು? ಊರಿನ ಹಿರಿಯರು ಇನ್ನೂ ನಮ್ಮ ನಡುವೆ ಇರುವಾಗಲೇ ಇದನ್ನು ಕೇಳಿ ಬರೆದುಕೊಳ್ಳಬೇಕು. ಮಳೆಗಾಲಕ್ಕೆ ಮುಂಚೆ ಒಂದು ದಿನ ತಾರಸಿಯ ನೀರುದಾರಿಯನ್ನು ಬಿಡಿಸುವುದನ್ನೂ ಶಾಲೆಯ ಕಾರ್ಯಕ್ರಮದಲ್ಲಿ ಸೇರಿಸಿರಿ.

ಸಾಲೋಟಗಿಯ ಕಂಬದ ಮೇಲೆ ಎರಡು ಹೆಸರುಗಳಿವೆಯೆಂದು ಹೇಳಿದೆವು. ನಾರಾಯಣನಾಗುವ ಭಾಗ್ಯ ಎಲ್ಲರಿಗೂ ಬರಲಾರದು. ಅದಕ್ಕೆ ಅಧಿಕಾರ ಬೇಕು, ಹಣ ಬೇಕು. ಕಂಚಿಗನ ಕೆಲಸ ಮಾತ್ರ ನಮ್ಮ ಊರಿನ ಪ್ರತಿಯೊಂದು ಶಾಲೆಯ ಬಾಗಿಲಲ್ಲಿಯೂ ನಮಗಾಗಿ ಕಾದಿದೆ.